ಯಂತ್ರಕ್ಕೆ ದುಡ್ಡುಂಟು, ತಟ್ಟೆ ಮಾಡಲಿಕ್ಕೆ?

ಕಳೆದ ತಿಂಗಳು ಆಚೆ ಊರಿನ ಇಬ್ಬರು ತರುಣರು ನಮ್ಮಲ್ಲಿಗೆ ಬಂದರು. ಇಬ್ಬರೂ ಅಡಿಕೆ ಕೃಷಿಕರ ಮಕ್ಕಳು. ಕೈಯಲ್ಲಿ ಹಾಳೆತಟ್ಟೆ ಯಂತ್ರದ ಕೊಟೇಶನ್. ಅದರ ಹಿಂಬದಿಯಲ್ಲೇ ಯಂತ್ರ ಮಾರುವವರು ನಾಲ್ಕು ಸಾಲಿನಲ್ಲಿ ಲಾಭದ ಲೆಕ್ಕವನ್ನೂ ಬರೆದುಕೊಟ್ಟಿದ್ದರು. ದಿನಕ್ಕೆ ಇಷ್ಟು ತಟ್ಟೆ, ತಟ್ಟೆಗೆ ಇಷ್ಟು ದರ, ಖರ್ಚು ಕಳೆದು ತಿಂಗಳಿಗೆ ಉಳಿಯುವುದು 30,000 ರೂಪಾಯಿ. “ಯಾವ ಯಂತ್ರ ಒಳ್ಳೆಯದು?” ಅಂತ ಕೇಳಿದರು.

“ಯಂತ್ರ ಯಾವುದಾದರೂ ಆದೀತು. ಮೇ 31ಕ್ಕೆ ನಿಮ್ಮ ಕೈಯಿಂದ ಒಟ್ಟು ಎಷ್ಟು ದುಡ್ಡು ಹೋಗಿರ್ತದೆ ಅಂತ ಲೆಕ್ಕ ಹಾಕಿದ್ದೀರಾ?” ಅಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು.

ಅವರನ್ನು ದೂರುವುದಲ್ಲ. 2021ರಲ್ಲಿ ನನ್ನನ್ನು ಯಾರಾದರೂ ಹೀಗೆ ಕೇಳಿದ್ದರೆ ನಾನೂ ಹಾಗೆಯೇ ನೋಡುತ್ತಿದ್ದೆ. ಆದರೆ ಯಾರೂ ಕೇಳಲಿಲ್ಲ. 2022ರ ಜೂನ್‌ನಲ್ಲಿ ಹೆಂಡತಿಯ ಸರ ಸೊಸೈಟಿಗೆ ಹೋಯಿತು, ಇಟ್ಟು ಹಳತು ಮಾಡಬೇಕಾಗಿದ್ದ ಅಡಿಕೆ ಹೊಸ ಚಾಲಿಯಾಗಿಯೇ ಪೇಟೆಗೆ ಹೋಯಿತು. ವಿಚಿತ್ರ ಎಂದರೆ ಆಗ ನಮ್ಮ ತಟ್ಟೆ ಚೆನ್ನಾಗಿಯೇ ಮಾರಾಟ ಆಗುತ್ತಿತ್ತು! ನಷ್ಟದ ವ್ಯಾಪಾರ ಅಲ್ಲ. ಆದರೂ ಶನಿವಾರ ಸಂಬಳ ಕೊಡಲು ಕೈಯಲ್ಲಿ ದುಡ್ಡಿಲ್ಲ. ಇದು ಹೇಗಾಗ್ತದೆ ಎನ್ನುವುದನ್ನು ನನ್ನ ಲೆಕ್ಕದ ಪುಸ್ತಕ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಇಲ್ಲಿರುವ ದರವೆಲ್ಲ ನಮ್ಮ ಊರಿನದ್ದು, ನಾನು ಶುರು ಮಾಡಿದ ವರ್ಷದ್ದು. ನಿಮ್ಮಲ್ಲಿನ ದರ ಹಾಕಿಕೊಂಡು ಕೂಡಿಸಿ ನೋಡಿ. ಹಾಳೆತಟ್ಟೆಯೇ ಆಗಬೇಕೆಂದಿಲ್ಲ, ಹಲಸಿನ ಹಪ್ಪಳಕ್ಕೂ ಬಾಳೆಕಾಯಿ ಚಿಪ್ಸಿಗೂ ಲೆಕ್ಕದ ದಾರಿ ಇದೇ.

ಮೂರು ಲಕ್ಷ ಎಂದದ್ದು

ನಮ್ಮದು ಸುಳ್ಯದ ಕಡೆ ಮೂರೆಕರೆ ಅಡಿಕೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ-ಲೋಟಗಳನ್ನು 2022ರ ಜುಲೈ 1ರಿಂದ ನಿಷೇಧಿಸುವುದಾಗಿ ಹೇಳಿತು. ಇನ್ನು ಹಾಳೆತಟ್ಟೆಗೆ ಕಾಲ ಬಂತು ಅಂತ ನನಗೂ ಅನಿಸಿತು. ಐದು ಅಚ್ಚಿನ ಯಂತ್ರ, ದರ 2,60,000. ಸಾಗಾಟ, ವಯರಿಂಗ್ ಎಲ್ಲ ಸೇರಿ ಮೂರು ಲಕ್ಷದಲ್ಲಿ ಮುಗೀತದೆ ಎಂದಿದ್ದರು. ಬ್ಯಾಂಕಿನಿಂದ ಮೂರು ಲಕ್ಷ ಸಾಲ ಸಿಕ್ಕಿತು. ಲೆಕ್ಕ ಸರಿಯಾಯಿತಲ್ಲ ಅಂದುಕೊಂಡೆ.

ಯಂತ್ರ ಲಾರಿಯಿಂದ ಇಳಿಸಿ, ಕೂರಿಸಿ, ಕೆಲಸ ಕಲಿಸುವವನ ಊಟ-ವಸತಿ ಎಲ್ಲ ಸೇರಿ 14,000 ಆಯಿತು. ಕರೆಂಟಿನದ್ದು ದೊಡ್ಡ ಕಥೆ. ಪಂಪ್‌ಸೆಟ್‌ಗೆ ತ್ರೀಫೇಸ್ ಉಂಟಲ್ಲ, ಅದರಿಂದಲೇ ಎಳೆದರಾಯಿತು ಎಂದು ಕೆಲವರು ಹೇಳಿಕೊಟ್ಟರು. ಹಾಗೆ ಮಾಡುವಂತಿಲ್ಲ. ಕೃಷಿಯ ಪುಕ್ಕಟೆ ಕರೆಂಟಿನಲ್ಲಿ ಉದ್ಯಮ ನಡೆಸಿದರೆ ದಂಡದ ಜತೆಗೆ ಪಂಪಿನ ಸಂಪರ್ಕಕ್ಕೂ ಸಂಚಕಾರ. ಬೇರೆಯೇ ಸಂಪರ್ಕ, ಎರಡು ಕಂಬ, ಠೇವಣಿ, ಅರ್ಥಿಂಗ್, ಒಳಗಿನ ವಯರಿಂಗ್ ಸೇರಿ 46,000. ಹಳೆ ಹಟ್ಟಿಯನ್ನೇ ಶೆಡ್ ಮಾಡಿದ್ದರಿಂದ ಗೋಡೆಯ ಖರ್ಚು ಉಳಿಯಿತು, ಆದರೂ ನೆಲಕ್ಕೆ ಸಿಮೆಂಟು, ಮಾಡಿಗೆ ಶೀಟು ಎಂದು 58,000. ಹಾಳೆ ನೆನೆಸಿ ತೊಳೆಯುವ ತೊಟ್ಟಿ, ಪೈಪು, ಚರಂಡಿಗೆ 17,000. ಹಾಳೆ ದಾಸ್ತಾನಿಡಲು ಹಳೆಯ ಅಟ್ಟ ಸಾಲದೆ ಅಡಿಕೆ ಮರದ ಸಲಾಕೆಯ ಇನ್ನೊಂದು ಅಟ್ಟ, ಟಾರ್ಪಾಲು, 22,000. ಪಂಚಾಯತಿನ ಪರವಾನಿಗೆ, ಸ್ಯಾಂಪಲ್ ಹಿಡಿದುಕೊಂಡು ಪುತ್ತೂರು-ಮಂಗಳೂರು ತಿರುಗಿದ್ದು, ಚೀಲಕ್ಕೆ ಹೆಸರು ಅಚ್ಚು ಹಾಕಿಸಿದ್ದು 9,000. ಈ 9,000ದಲ್ಲಿ 1,500 ಬರೀ ದಂಡ. ಉದ್ಯಮ್ ನೋಂದಣಿಗೆಂದು ಒಬ್ಬರು ಏಜೆಂಟರು ತೆಗೆದುಕೊಂಡದ್ದು. 2020ರ ಜುಲೈಯಿಂದ ಆ ನೋಂದಣಿ ಪುಕ್ಕಟೆ, ನಾವೇ ಆಧಾರ್ ನಂಬರು ಹಾಕಿ ಮಾಡಿಕೊಳ್ಳಬಹುದಿತ್ತು. ಆಮೇಲೆ ಗೊತ್ತಾಯಿತು.

ಎಲ್ಲ ಕೂಡಿಸಿದರೆ 4,26,000. ಮೂರು ಲಕ್ಷ ಎಂದದ್ದು ನಾಲ್ಕೂಕಾಲು ಆಯಿತು. ಇಷ್ಟರ ಮಟ್ಟಿಗೆ ನಾವು ಕೃಷಿಕರು ತಯಾರಾಗಿಯೇ ಇರ್ತೇವೆ ಬಿಡಿ. ಬಾವಿ ತೋಡುವಾಗ, ಮನೆ ಕಟ್ಟುವಾಗ ಎಲ್ಲ ಹೀಗೆಯೇ. ಉಳಿತಾಯದಿಂದ 1,26,000 ತೆಗೆದು ಹಾಕಿದೆ. ಎಸ್ಟಿಮೇಟು ಮೀರಿತು ಅಷ್ಟೆ ಅಂತ ಸಮಾಧಾನ ಮಾಡಿಕೊಂಡೆ. ನಿಜವಾದ ಹೊಂಡ ಮುಂದೆ ಇತ್ತು.

ಸ್ವಂತ ತೋಟದ ಹಾಳೆ ಎಂಟು ದಿನಕ್ಕೆ

ತಟ್ಟೆ ಯಂತ್ರ ಹಾಕುವ ಎಲ್ಲರ ತಲೆಯಲ್ಲಿರುವ ಮಾತು: “ಹಾಳೆ ನಮ್ಮ ತೋಟದಲ್ಲೇ ಬೀಳ್ತದಲ್ಲ, ಕಚ್ಚಾವಸ್ತು ಪುಕ್ಕಟೆ.” ನನ್ನ ತಲೆಯಲ್ಲೂ ಅದೇ ಇತ್ತು. ಈಗ ಎಣಿಸಿ ನೋಡಿ. ನಮ್ಮಲ್ಲಿ ಫಲ ಬರುವ ಮರ ಸುಮಾರು 1,500. ಮರವೊಂದರಿಂದ ವರ್ಷಕ್ಕೆ ಆರು ಹಾಳೆ ಎಂದಿಟ್ಟುಕೊಂಡರೂ 9,000. ಮಳೆಗಾಲದಲ್ಲಿ ಬಿದ್ದದ್ದು ಕೆಸರಿನಲ್ಲಿ ನೆನೆದು ಕಪ್ಪಾಗ್ತದೆ, ತಟ್ಟೆಗೆ ಆಗದು. ಡಿಸೆಂಬರಿನಿಂದ ಮೇವರೆಗೆ ಬೀಳುವುದರಲ್ಲಿ ಹೆಕ್ಕಿ ಒಣಗಿಸಲು ಸಿಕ್ಕಿದ್ದು ಐದಾರು ಸಾವಿರ. ನಮ್ಮ ಯಂತ್ರ ದಿನಕ್ಕೆ 12 ಇಂಚಿನ 600 ತಟ್ಟೆ ಒತ್ತುತ್ತದೆ. ಅಷ್ಟಕ್ಕೆ 750 ಹಾಳೆ ಬೇಕು. ಅಂದರೆ ಮೂರೆಕರೆ ತೋಟದ ವರ್ಷದ ಹಾಳೆ ಯಂತ್ರಕ್ಕೆ ಎಂಟು ದಿನಕ್ಕೆ ಸಾಕು! ಉಳಿದ ದಿನಕ್ಕೆಲ್ಲ ಊರಿನ ಹಾಳೆಯನ್ನು ದುಡ್ಡು ಕೊಟ್ಟೇ ತರಬೇಕು.

600 ತಟ್ಟೆಗೆ 750 ಹಾಳೆ ಏಕೆಂದರೆ, ತಂದ ಹಾಳೆಯಲ್ಲಿ ನೂರಕ್ಕೆ ಇಪ್ಪತ್ತು ಕೆಲಸಕ್ಕೆ ಬಾರದು. ಬಿರಿದದ್ದು, ತೂತಾದದ್ದು, ಬೋರ್ಡೋ ಕಲೆ ಇದ್ದದ್ದು, ಅಗಲ ಸಾಲದ್ದು, ಒಳಗೆ ಬೂಸುರು ಹಿಡಿದದ್ದು. ಹಾಳೆಗೆ 2 ರೂಪಾಯಿ ಕೊಟ್ಟರೆ, ಪಿಕಪ್ ಬಾಡಿಗೆ, ಒಣಗಿಸಿ ಕಟ್ಟಿ ಅಟ್ಟಕ್ಕೆ ಏರಿಸುವ ಕೂಲಿ ಸೇರಿ 2 ರೂಪಾಯಿ 40 ಪೈಸೆ. ನೂರು ಹಾಳೆಗೆ 240. ಅದರಲ್ಲಿ ಆಗುವುದು 80. ಹಾಗಾಗಿ ಒಂದು ತಟ್ಟೆಗೆ ಬೀಳುವ ಹಾಳೆಯ ಖರ್ಚು 2 ಅಲ್ಲ, 3 ರೂಪಾಯಿ. ಯಂತ್ರದವರ ಲೆಕ್ಕದಲ್ಲಿ 2 ಎಂದೇ ಇತ್ತು.

ಸ್ವಂತ ತೋಟದ ಹಾಳೆಗೂ ಪುಸ್ತಕದಲ್ಲಿ 2 ರೂಪಾಯಿ ಬರೆಯಬೇಕು. ಪಕ್ಕದವರಿಗೆ ಕೊಟ್ಟಿದ್ದರೆ ಅಷ್ಟು ಸಿಗುತ್ತಿತ್ತು. ಪುಕ್ಕಟೆ ಎಂದು ಬಿಟ್ಟರೆ ತೋಟದ ಉತ್ಪತ್ತಿ ತಟ್ಟೆಯ ಲಾಭದ ಹಾಗೆ ಕಾಣುತ್ತದೆ.

ತಿಂಗಳ ಖರ್ಚು

ತಿಂಗಳಿಗೆ 22 ದಿನ ಕೆಲಸ ಎಂದಿಟ್ಟುಕೊಂಡಿದ್ದೇನೆ. ಕರೆಂಟು ಹೋದದ್ದು, ಜಾತ್ರೆ, ಮದುವೆ ಎಲ್ಲ ಕಳೆದರೆ ಅದಕ್ಕಿಂತ ಹೆಚ್ಚು ಸಿಗುವುದಿಲ್ಲ. ಕೊಟೇಶನಿನಲ್ಲಿ 26 ದಿನ ಇರುತ್ತದೆ, ಅದನ್ನು ನಂಬಬೇಡಿ. 22 ದಿನಕ್ಕೆ 13,200 ತಟ್ಟೆ. ಹಾಳೆ 39,600. ಇಬ್ಬರು ಕೆಲಸದವರಿಗೆ ದಿನಕ್ಕೆ 450ರಂತೆ 19,800. ಕರೆಂಟು 4,500. ಚೀಲ, ಪೆಟ್ಟಿಗೆ 2,500. ಪೇಟೆಗೆ ಸಾಗಾಟ 2,500. ಹೀಟರ್ ಕಾಯಿಲು, ಆಯಿಲು, ಸೀಲು ಅಂತ ಸರಾಸರಿ 1,500. ಸಾಲದ ಕಂತು 6,500. ಒಟ್ಟು 76,900. ಸಾಲದ ಕಂತಿನಲ್ಲಿ ಅಸಲೂ ಸೇರಿರುವುದರಿಂದ ಯಂತ್ರದ ಸವಕಳಿಯನ್ನು ಬೇರೆ ಹಾಕಿಲ್ಲ. ಸಾಲ ಮಾಡದೆ ಸ್ವಂತ ದುಡ್ಡು ಹಾಕಿದವರು ಸವಕಳಿ ಬರೆಯಲೇಬೇಕು, ಇಲ್ಲದಿದ್ದರೆ ಏಳೆಂಟು ವರ್ಷಕ್ಕೆ ಯಂತ್ರ ಮುದಿಯಾದಾಗ ಹೊಸದಕ್ಕೆ ದುಡ್ಡಿರುವುದಿಲ್ಲ.

ಬರುವುದು? ಹತ್ತರಲ್ಲಿ ಒಂದು ತಟ್ಟೆ ಸೆಕೆಂಡ್ಸ್. ಒಳ್ಳೆಯದು 11,880, ಆರು ರೂಪಾಯಿಯಂತೆ 71,280. ಸೆಕೆಂಡ್ಸ್ 1,320, ಎರಡೂವರೆಯಂತೆ 3,300. ಹಾಳೆಯ ತುದಿಯಲ್ಲಿ ಮಾಡಿದ ಸಣ್ಣ ಬಟ್ಟಲು 8,800, ಒಂದು ರೂಪಾಯಿ ಇಪ್ಪತ್ತು ಪೈಸೆಯಂತೆ 10,560. ಒಟ್ಟು 85,140.

ಉಳಿದದ್ದು 8,240. ಮೂವತ್ತು ಸಾವಿರ ಎಂದದ್ದು ಎಂಟು ಸಾವಿರ! ಅದರಲ್ಲೂ ನಾನು ಅಥವಾ ಮನೆಯವಳು ಇಡೀ ದಿನ ಶೆಡ್ಡಿನಲ್ಲಿ ನಿಂತಿರುತ್ತೇವೆ. ಅದಕ್ಕೆ ದಿನಕ್ಕೆ 500 ಹಾಕಿದರೆ 11,000, ಅಲ್ಲಿಗೆ ಲಾಭ ಹೋಗಿ 2,760 ಕೈಯಿಂದ.

ಎಷ್ಟು ದಿನ ಯಂತ್ರ ತಿರುಗಿದರೆ ಅಸಲು ಹುಟ್ಟುತ್ತದೆ ಎನ್ನುವುದಕ್ಕೆ ಒಂದು ಸುಲಭದ ಲೆಕ್ಕ ಉಂಟು. ಯಂತ್ರ ತಿರುಗಲಿ, ನಿಲ್ಲಲಿ, ಹೋಗಲೇಬೇಕಾದ ಖರ್ಚು ಯಾವುದು ನೋಡಿ. ನನಗೆ ಕಂತು 6,500, ಕರೆಂಟಿನ ನಿಗದಿತ ಶುಲ್ಕ 900, ರಿಪೇರಿ 1,500, ಒಟ್ಟು 8,900. ಉಳಿದ 68,000 ಕೆಲಸ ನಡೆದರೆ ಮಾತ್ರ ಆಗುವ ಖರ್ಚು. ಉತ್ಪತ್ತಿಯಿಂದ ಅದನ್ನು ಕಳೆದರೆ 17,140, ದಿನಕ್ಕೆ 779. 8,900ನ್ನು 779ರಿಂದ ಭಾಗಿಸಿದರೆ ಹನ್ನೊಂದೂವರೆ. ತಿಂಗಳಿಗೆ ಹನ್ನೆರಡು ದಿನವಾದರೂ ಯಂತ್ರ ತಿರುಗದಿದ್ದರೆ ಕೈಯಿಂದ ಹಾಕಬೇಕು. ನಮ್ಮ ದುಡಿಮೆಯ 500 ಕಳೆದರೆ ದಿನಕ್ಕೆ ಉಳಿಯುವುದು 279. ಆಗ ಬೇಕಾದದ್ದು 32 ದಿನ. ಅಂಥ ತಿಂಗಳು ಯಾವ ಪಂಚಾಂಗದಲ್ಲೂ ಇಲ್ಲ.

ಇದನ್ನು ನೋಡಿ ಯಂತ್ರವೇ ಬೇಡ ಎಂದು ಹೆದರಬೇಡಿ. ಎಲ್ಲಿ ಹಿಡಿದರೆ ಉಳಿಯುತ್ತದೆ ಎಂದು ತೋರಿಸಿದ್ದೂ ಇದೇ ಲೆಕ್ಕ. ನಾನು ಮೊದಲು ಕೂಲಿಯಲ್ಲಿ ಜಿಪುಣತನ ಮಾಡಹೊರಟಿದ್ದೆ. ಅದರಲ್ಲಿ ಏನೂ ಇಲ್ಲ. ಹಾಳೆ ಕೊಳ್ಳುವಾಗ ಅಂಗಳದಲ್ಲೇ ಹರಡಿ, ಆರಿಸಿ, ಆಮೇಲೆ ಎಣಿಸಿ ದುಡ್ಡು ಕೊಡತೊಡಗಿದೆ. ಮೊದಲ ದಿನ ಕೆಲವರಿಗೆ ಸಿಟ್ಟು ಬಂತು, ಮತ್ತೆ ಅವರೇ ಆರಿಸಿ ತರತೊಡಗಿದರು. ನೂರಕ್ಕೆ 80 ಆಗುತ್ತಿದ್ದದ್ದು 88 ಆಯಿತು. ತಟ್ಟೆಗೆ 3 ರೂಪಾಯಿ ಬೀಳುತ್ತಿದ್ದ ಹಾಳೆ 2 ರೂಪಾಯಿ 73 ಪೈಸೆಗೆ ಇಳಿಯಿತು. ಇಪ್ಪತ್ತೇಳು ಪೈಸೆ ಅಂದರೆ ಏನು ಮಹಾ ಅಂತ ಅನ್ನಿಸಬಹುದು. ತಿಂಗಳಿಗೆ ಮೂರೂವರೆ ಸಾವಿರ ಆಯಿತು.

ಹೊಂಡದ ಆಳ

ಲಾಭ ಎಂಟು ಸಾವಿರವಾದರೂ ಲಾಭವೇ. ಮತ್ತೆ ಸರ ಅಡವಿಡುವ ಸ್ಥಿತಿ ಏಕೆ ಬಂತು? ಎರಡು ಕಾರಣ. ಹಾಳೆ ಆರು ತಿಂಗಳು ಮಾತ್ರ ಸಿಗ್ತದೆ, ತಟ್ಟೆ ಹನ್ನೆರಡು ತಿಂಗಳೂ ಬೇಕು. ಮಳೆಗಾಲದ ಹಾಳೆಯನ್ನು ಬೇಸಿಗೆಯಲ್ಲೇ ಕೊಂಡಿಡಬೇಕು. ಇನ್ನೊಂದು, ಪೇಟೆಯ ಅಂಗಡಿಯವರು ತಟ್ಟೆಗೆ ದುಡ್ಡು ಕೊಡುವುದು ಎರಡು ತಿಂಗಳ ನಂತರ. ಹಾಳೆ ತರುವವರಿಗೆ ಮಾತ್ರ ಅಂದೇ ನಗದು.

ಮಳೆಗಾಲದಲ್ಲಿ ತಟ್ಟೆ ಒಣಗುವುದು ನಿಧಾನ. ದಿನಕ್ಕೆ 500ರಂತೆ ತಿಂಗಳಿಗೆ 20 ದಿನ ಎಂದರೆ ಆರು ತಿಂಗಳಿಗೆ 60,000 ತಟ್ಟೆ. ಅದಕ್ಕೆ 75,000 ಹಾಳೆ, 1,80,000 ರೂಪಾಯಿ. ಜನವರಿಯಿಂದ ಮೇವರೆಗೆ ಐದು ತಿಂಗಳಿಗೆ ಹಂಚಿದರೆ ತಿಂಗಳಿಗೆ 36,000. ಅಂದಂದಿನ ಖರ್ಚು 76,900, ಈ 36,000 ಸೇರಿ ತಿಂಗಳಿಗೆ 1,12,900 ಹೊರಗೆ ಹೋಗುತ್ತದೆ.

ಈಗ ಒಂದು ನೋಟು ಪುಸ್ತಕದಲ್ಲಿ ತಿಂಗಳುಗಳನ್ನು ಸಾಲಾಗಿ ಬರೆಯಿರಿ. ಜನವರಿ: ಹೋದದ್ದು 1,12,900, ಬಂದದ್ದು ಸೊನ್ನೆ. ಫೆಬ್ರವರಿ: ಅಷ್ಟೇ ಹೋಯಿತು, ಬಂದದ್ದು ಸೊನ್ನೆ. ಅಲ್ಲಿಗೆ ಹೊಂಡ 2,25,800. ಮಾರ್ಚಿನಲ್ಲಿ ಜನವರಿಯ ತಟ್ಟೆಯ 85,140 ಬಂತು, 1,12,900 ಹೋಯಿತು. ಹೊಂಡ 2,53,560. ಏಪ್ರಿಲಿಗೆ 2,81,320. ಮೇ 31ಕ್ಕೆ 3,09,080.

ಮೂರು ಲಕ್ಷ ಒಂಬತ್ತು ಸಾವಿರ! ಯಂತ್ರದ ಬೆಲೆಗಿಂತ ಹೆಚ್ಚು. ಜೂನಿನಿಂದ ಹಾಳೆ ಕೊಳ್ಳುವುದು ನಿಲ್ಲುತ್ತದೆ, ಹಳೆ ಬಾಕಿ ಬರತೊಡಗುತ್ತದೆ, ಹೊಂಡ ನಿಧಾನವಾಗಿ ತುಂಬುತ್ತದೆ. ಆದರೆ ಜೂನಿನವರೆಗೆ ಮುಳುಗದೆ ಇರಬೇಕಲ್ಲ? ಶೆಡ್ಡಿಗೆ 4,26,000, ಈ ಹೊಂಡಕ್ಕೆ 3,09,000. ಒಟ್ಟು ಬೇಕಾದದ್ದು 7,35,000. ನನ್ನಲ್ಲಿದ್ದದ್ದು ಸಾಲ-ಉಳಿತಾಯ ಸೇರಿ 4,26,000. ಯಂತ್ರ ಕೂರಿಸುವ ಹೊತ್ತಿಗೆ ಅದು ಮುಗಿದಿತ್ತು.

ಬ್ಯಾಂಕಿನವರು ಇದಕ್ಕೆ ದುಡಿಯುವ ಬಂಡವಾಳ ಅನ್ನುತ್ತಾರೆ. ಹೆಸರು ಕೇಳಿದರೆ ಈ ದುಡ್ಡು ದುಡಿಯುತ್ತದೆ ಅಂತ ಅನ್ನಿಸ್ತದೆ. ನನ್ನ ಅನುಭವದಲ್ಲಿ ಅದು ಅಟ್ಟದಲ್ಲಿ ಮಲಗಿರುವ ಬಂಡವಾಳ, ಅಂಗಡಿಯವರ ಡ್ರಾವರಿನಲ್ಲಿ ಮಲಗಿರುವ ಬಂಡವಾಳ.

ಮಾರ್ಚ್, ಏಪ್ರಿಲ್ ತೋಟದ ದುಡ್ಡಿನಲ್ಲಿ ಸಾಗಿತು. ಮೇಯಲ್ಲಿ ನಾಲ್ಕು ಕ್ವಿಂಟಾಲ್ ಹೊಸ ಚಾಲಿ ಕೊಟ್ಟೆ. ಇಟ್ಟು ಹಳತು ಮಾಡಿದ್ದರೆ ಕಿಲೋಗೆ 50 ರೂಪಾಯಿ ಹೆಚ್ಚು ಸಿಗುತ್ತಿತ್ತು. 20,000 ಹೋಯಿತು. ಅದನ್ನು ನಾನು ಬಹಳ ದಿನ ಅಡಿಕೆಯ ನಷ್ಟ ಎಂದೇ ತಿಳಿದಿದ್ದೆ. ಅದು ತಟ್ಟೆಯ ಖರ್ಚು, ತಟ್ಟೆಯ ಪುಟದಲ್ಲೇ ಬರೆಯಬೇಕು. ಜೂನಿನಲ್ಲಿ ಇನ್ನೊಂದು ಪೆಟ್ಟು. ಮಳೆ ಹಿಡಿದ ಮೇಲೆ ಒತ್ತಿದ 3,000 ತಟ್ಟೆ ಸರಿಯಾಗಿ ಒಣಗದೆ ಹೋಗಿ, ಅಂಗಡಿಯಲ್ಲಿ ಬೂಸುರು ಬಂದು ವಾಪಸಾಯಿತು. 18,000 ರೂಪಾಯಿಯ ಮಾಲು ಗೊಬ್ಬರದ ಗುಂಡಿಗೆ. ತಪ್ಪು ನನ್ನದೇ, ಒತ್ತಿದ ತಟ್ಟೆಯನ್ನು ಬಿಸಿ ಗಾಳಿಯಲ್ಲಿ ಮತ್ತೆ ಒಣಗಿಸದೆ ಕಟ್ಟಿದ್ದೆ. ಹೊಸಬರಿಗೆ ಇಂಥದ್ದೊಂದು ಆಗಿಯೇ ಆಗುತ್ತದೆ. ಅದಕ್ಕೂ ಲೆಕ್ಕದಲ್ಲಿ ಒಂದು ಸಾಲು ಬೇಕು. ನಾನಾದರೆ ಒಟ್ಟು ಖರ್ಚಿನ ನೂರಕ್ಕೆ ಹತ್ತು ಇಡಿ ಎನ್ನುತ್ತೇನೆ. ಆ ವಾರವೇ ಸರ ಸೊಸೈಟಿಗೆ ಹೋದದ್ದು.

ಬ್ಯಾಂಕಿನಲ್ಲಿ ಕೇಳಬೇಕಾದದ್ದು

ಬ್ಯಾಂಕಿಗೆ ಹೋದಾಗ ನಾನು ಯಂತ್ರಕ್ಕೆ ಮಾತ್ರ ಸಾಲ ಕೇಳಿದೆ. ಅವರೂ ಅಷ್ಟನ್ನೇ ಕೊಟ್ಟರು. ಕೇಳದ್ದನ್ನು ಯಾರು ಕೊಡ್ತಾರೆ? ಆರು ತಿಂಗಳ ಮೇಲೆ ಹಾಳೆ ಕೊಳ್ಳಲಿಕ್ಕೆ ಅಂತ ಹೋದರೆ, ಕಂತೇ ಒಂದೆರಡು ತಡವಾಗಿದೆಯಲ್ಲ ಎಂದರು. ಮೊದಲ ದಿನವೇ ಎರಡನ್ನೂ ಕೇಳಬೇಕು: ಯಂತ್ರ-ಶೆಡ್ಡಿಗೆ ಕಂತಿನ ಸಾಲ, ಹಾಳೆ-ಬಾಕಿಗೆ ಓವರ್‌ಡ್ರಾಫ್ಟಿನ ತರದ ಸಾಲ. ಎರಡನೆಯದಕ್ಕೆ ಬಡ್ಡಿ ತೆಗೆದಷ್ಟು ದಿನಕ್ಕೆ ಮಾತ್ರ. ಜೂನಿನ ನಂತರ ದುಡ್ಡು ಬಂದ ಹಾಗೆ ತುಂಬಿಸುತ್ತ ಹೋದರೆ ಬಡ್ಡಿ ಕಮ್ಮಿ. 2015ರಲ್ಲಿ ಶುರುವಾದ ಮುದ್ರಾ ಯೋಜನೆಯಲ್ಲೂ ಯಂತ್ರಕ್ಕೆ ಮಾತ್ರವಲ್ಲ, ಈ ಬಗೆಯ ಖರ್ಚಿಗೂ ಸಾಲ ಕೊಡುವ ಅವಕಾಶ ಇಟ್ಟಿದ್ದರು. ತಿಂಗಳ ಸಾಲುಗಳ ಆ ನೋಟು ಪುಸ್ತಕವನ್ನೇ ಮ್ಯಾನೇಜರರಿಗೆ ತೋರಿಸಿ. “ಮೇ ಕೊನೆಗೆ ಮೂರು ಲಕ್ಷ ಬೇಕಾಗ್ತದೆ, ಡಿಸೆಂಬರಿಗೆ ಇಷ್ಟು ಇಳೀತದೆ” ಎಂದು ಹೇಳುವವನ ಮಾತಿಗೆ ತೂಕ ಉಂಟು.

ಸಬ್ಸಿಡಿಯ ಬಗ್ಗೆ ಒಂದು ಮಾತು. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ ಹಳ್ಳಿಯಲ್ಲಿ ಉದ್ಯಮ ಹಾಕುವ ಸಾಮಾನ್ಯ ವರ್ಗದವರಿಗೆ ಶೇ. 25, ಮಹಿಳೆಯರೇ ಮೊದಲಾದ ವಿಶೇಷ ವರ್ಗದವರಿಗೆ ಶೇ. 35 ಎಂದು ನಿಯಮ. ಕೇಳಲು ಚೆಂದ. ಆದರೆ ಆ ದುಡ್ಡು ನಮ್ಮ ಕೈಗೆ ಬರುವುದಲ್ಲ. ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿ ಕೂತಿರುತ್ತದೆ, ಉದ್ಯಮ ನಡೆಯುತ್ತಿದೆ ಎಂದು ಖಾತ್ರಿಯಾದ ಮೇಲೆ ಸಾಲಕ್ಕೆ ಜಮೆ. ಅಷ್ಟರ ಸಾಲಕ್ಕೆ ಬಡ್ಡಿ ಇಲ್ಲ ಎಂಬುದು ಲಾಭವೇ. ಆದರೆ ಮೇ ತಿಂಗಳ ಹೊಂಡಕ್ಕೆ ಅದರಿಂದ ಒಂದು ಬುಟ್ಟಿ ಮಣ್ಣೂ ಬೀಳುವುದಿಲ್ಲ. ಸಬ್ಸಿಡಿಯನ್ನು ಮೊದಲ ವರ್ಷದ ಆದಾಯದ ಕಡೆಗೆ ಬರೆದವರ ಯಂತ್ರವನ್ನು ಎರಡನೆಯ ವರ್ಷ ಮಾರಾಟಕ್ಕೆ ಇಟ್ಟದ್ದು ನಾನು ನೋಡಿದ್ದೇನೆ.

ಹೊಂಡ ಸಣ್ಣದು ಮಾಡಿದ್ದು

2023ರಲ್ಲಿ ಮಳೆಗಾಲದ ದಾಸ್ತಾನನ್ನು ಅರ್ಧ ಮಾಡಿದೆ. 37,500 ಹಾಳೆ, 90,000 ರೂಪಾಯಿ. ಆಟಿಯಲ್ಲಿ ಮದುವೆ-ಮುಂಜಿ ಏನೂ ಇಲ್ಲ, ತಟ್ಟೆಗೆ ಬೇಡಿಕೆಯೂ ಕಮ್ಮಿ, ಒಣಗಿಸುವ ಪೀಕಲಾಟ ಬೇರೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಯಂತ್ರ ಬಂದ್. ಆ ಇಬ್ಬರು ಕೆಲಸದವರಿಗೆ ಅಡಿಕೆ ಸುಲಿಯುವ ಕೆಲಸ ಇದ್ದೇ ಇದೆ, ಅವರು ಬೇರೆ ಕಡೆ ಹೋಗಲಿಲ್ಲ. ನಿಂತ ಯಂತ್ರಕ್ಕೂ ಕಂತು ಮತ್ತು ಕರೆಂಟಿನ ಶುಲ್ಕ ಸೇರಿ ತಿಂಗಳಿಗೆ 7,400 ಹೋಗುತ್ತದೆ. ಮೂರು ತಿಂಗಳಿಗೆ 22,200. ಅದನ್ನು ಏಪ್ರಿಲ್-ಮೇ ಸೀಸನಿನ ದುಡ್ಡಿನಲ್ಲಿ ಮೊದಲೇ ಎತ್ತಿಡುತ್ತೇನೆ.

ಅರ್ಧದಷ್ಟು ತಟ್ಟೆಯನ್ನು ಅಡುಗೆಯವರಿಗೆ, ಸುತ್ತಿನ ದೇವಸ್ಥಾನ-ಭಜನಾ ಮಂದಿರಗಳಿಗೆ ನಗದಿಗೇ ಕೊಡತೊಡಗಿದೆ. ಆರು ರೂಪಾಯಿಯ ತಟ್ಟೆ ಅವರಿಗೆ 5.75. ನಗದಿಗೆ ಎಷ್ಟು ಬಿಡಬಹುದು ಎನ್ನುವುದಕ್ಕೂ ಲೆಕ್ಕ ಉಂಟು. ವರ್ಷಕ್ಕೆ ನೂರಕ್ಕೆ 12 ಬಡ್ಡಿಯಂತೆ ಆರು ರೂಪಾಯಿಗೆ ಎರಡು ತಿಂಗಳ ಬಡ್ಡಿ 12 ಪೈಸೆ. ನಾನು ಕೊಡುವುದು ಅದರ ಇಮ್ಮಡಿ. ಲೆಕ್ಕ ಗೊತ್ತಿದ್ದವರು ನಕ್ಕಾರು. ಆದರೆ ಬಾಕಿ ವಸೂಲಿಗೆ ಬಸ್ಸು ಹತ್ತುವುದು ತಪ್ಪಿತು, ಮುಳುಗುವ ಭಯ ಇಲ್ಲ. ಎಂಟಾಣೆ ಬಿಡಿ ಎಂದವರಿಗೆ ಮಾತ್ರ ಇಲ್ಲ ಎಂದೆ.

ನೆರೆಕರೆಯವರೊಡನೆ ಹಾಳೆಗೆ ತಟ್ಟೆಯ ವಿನಿಮಯವೂ ಶುರುವಾಯಿತು. ಆರಿಸಿದ ನೂರು ಹಾಳೆಗೆ ಮೂವತ್ತು ತಟ್ಟೆ. ಮನೆಯಲ್ಲಿ ಮದುವೆಯೋ ಪೂಜೆಯೋ ಇರುವವರು ಡಿಸೆಂಬರಿನಲ್ಲೇ ಹಾಳೆ ತಂದು ಹಾಕಿ ಹೆಸರು ಬರೆಸಿ ಹೋಗುತ್ತಾರೆ. 200 ರೂಪಾಯಿಯ ಹಾಳೆಗೆ 180ರ ತಟ್ಟೆ, ನಗದು ಚಲಾವಣೆಯೇ ಇಲ್ಲ. ನಮ್ಮ ಹಿರಿಯರು ಭತ್ತಕ್ಕೆ ಬೆಲ್ಲ ಕೊಂಡದ್ದು ಹೀಗೆಯೇ ಇರಬೇಕು.

ಇಷ್ಟರಿಂದ ಆ ವರ್ಷ ಮೇ ಕೊನೆಯ ಹೊಂಡ ಸುಮಾರು ಒಂದೂವರೆ ಲಕ್ಷಕ್ಕೆ ಇಳಿಯಿತು. ವರ್ಷದ ಒಟ್ಟು ಉತ್ಪಾದನೆಯೂ ಇಳಿಯಿತು, ನಿಜ. ತಿಂಗಳ ಸರಾಸರಿ ಉಳಿಕೆ ಮೊದಲು ಹಾಕಿದ ಲೆಕ್ಕಕ್ಕಿಂತ ದೊಡ್ಡದೇನಲ್ಲ. ಆದರೆ ಅಡಿಕೆಯನ್ನು ಅದರ ಹೊತ್ತಿಗೇ ಮಾರಿದೆ. ಅದೇ ನನಗೆ ದೊಡ್ಡ ಲಾಭ.

2025ರ ಮೇಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಡಿಕೆ ಹಾಳೆಯ ತಟ್ಟೆಯಿಂದ ಅಡಿಕೆಯ ಕ್ಷಾರಾಂಶ ಆಹಾರಕ್ಕೆ ಇಳಿಯಬಹುದು, ಅದನ್ನು ಅಲ್ಲಿ ಮಾರಬಾರದು ಎಂದಿತು. ನಮ್ಮ ತಟ್ಟೆ ನೇರವಾಗಿ ಅಲ್ಲಿಗೆ ಹೋಗುತ್ತಿರಲಿಲ್ಲ. ಆದರೆ ನನ್ನಿಂದ ಕೊಳ್ಳುತ್ತಿದ್ದ ಒಬ್ಬರು ರಫ್ತಿನವರಿಗೆ ಒದಗಿಸುತ್ತಿದ್ದರು. ಅವರ ಖರೀದಿ ಒಮ್ಮೆಗೇ ನಿಂತಿತು. ಹಾಳೆ ಅಟ್ಟಕ್ಕೆ ಏರಿಸಿ ಮುಗಿಯುವ ಹೊತ್ತಿನಲ್ಲಿ ಬಂದ ಸುದ್ದಿ! 75,000 ಹಾಳೆ ಇಟ್ಟುಕೊಂಡಿದ್ದರೆ ಏನಾಗುತ್ತಿತ್ತೋ. ಒಬ್ಬನೇ ದೊಡ್ಡ ಗಿರಾಕಿಯನ್ನು ನಂಬಿ ಬಜೆಟ್ ಹಾಕುವವರು, ಅವನು ಇಲ್ಲದ ಇನ್ನೊಂದು ಬಜೆಟನ್ನೂ ಪಕ್ಕದ ಪುಟದಲ್ಲಿ ಹಾಕಿಡಬೇಕು. ನಾನು ಈಗ ಮೂರು ಪುಟ ಹಾಕುತ್ತೇನೆ: ಮಾಮೂಲಿ ವರ್ಷ, ಮಾರಾಟ ಮೂರರಲ್ಲಿ ಒಂದು ಪಾಲು ಕಮ್ಮಿಯಾದ ವರ್ಷ, ದುಡ್ಡು ಎರಡರ ಬದಲು ನಾಲ್ಕು ತಿಂಗಳಿಗೆ ಬಂದ ವರ್ಷ. ಮೂರನೆಯದು ಎಲ್ಲಕ್ಕಿಂತ ಭಯಂಕರವಾಗಿ ಕಾಣುತ್ತದೆ. ಮಾರಾಟ ಒಂದು ತಟ್ಟೆಯೂ ಕಮ್ಮಿಯಾಗದೆ ಹೊಂಡ ಮಾತ್ರ ಆಳವಾಗುತ್ತ ಹೋಗುತ್ತದೆ.

ಆ ಇಬ್ಬರು ತರುಣರು ಹೋಗುವಾಗ ಕೊಟೇಶನಿನ ಖಾಲಿ ಬದಿಯಲ್ಲಿ ಹನ್ನೆರಡು ತಿಂಗಳ ಹೆಸರು ಬರೆದುಕೊಂಡು ಹೋದರು. ಮೊನ್ನೆ ಫೋನ್ ಮಾಡಿದ್ದರು. ಐದು ಅಚ್ಚಿನದ್ದು ಬಿಟ್ಟು ಎರಡು ಅಚ್ಚಿನದ್ದು ನೋಡುತ್ತಿದ್ದಾರಂತೆ, ಸಿಂಗಲ್ ಫೇಸಿನಲ್ಲಿ ನಡೆಯುವಂಥದ್ದು. ಎರಡು ಮನೆಯ ತೋಟ ಸೇರಿ ಹಾಳೆ ಎಷ್ಟಾಗುತ್ತದೆ ಎಂದು ಈ ಬೇಸಿಗೆ ಎಣಿಸಿ, ಆಮೇಲೆ ತೀರ್ಮಾನ ಮಾಡುತ್ತಾರಂತೆ. ಎಣಿಸುವಾಗ ಬಿರಿದದ್ದನ್ನು ಬೇರೆ ಇಡಿ ಎಂದು ಹೇಳಿದ್ದೇನೆ.